ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಅನ್ನುವ ಮಕ್ಕಳು, ಒಂಟಿಯಾದ ಟೀಚರು

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಕನ್ನಡ ಮಾಧ್ಯಮ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ದಿನವೇತನದ ಟೀಚರ್. ಇದು ಎರಡನೇ ವರ್ಷ. 6 ಮತ್ತು 7ನೇ ತರಗತಿಯ ಗಣಿತ ನನ್ನದು. ಏಳರಲ್ಲಿ 26 ಮಕ್ಕಳು. ಏನು ಕೇಳಿದರೂ ಅದೇ ನಾಲ್ಕೈದು ಕೈ ಮೇಲೇಳುತ್ತವೆ, ಉಳಿದವರು ನೆಲ ನೋಡುತ್ತಾರೆ. ಕಳೆದ ವಾರ ಒಬ್ಬಳನ್ನು ಬೋರ್ಡಿಗೆ ಕರೆದೆ, ಚಾಕ್ ಹಿಡಿದುಕೊಂಡು ಅಳುತ್ತಾ ನಿಂತಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು 1/2 + 1/3 = 2/5 ಅಂತ ಬರೆಯುತ್ತಾರೆ. ಹತ್ತು ಸಲ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೋರಿಸಿಕೊಟ್ಟರೂ ಮರುದಿನ ಅದೇ. ಇವರ ಮನೆಮಾತು ತುಳು, ಮಲಯಾಳ, ಬ್ಯಾರಿ, ಮರಾಠಿ, ಕನ್ನಡ, ಎಲ್ಲವೂ ಉಂಟು. ಸೀನಿಯರ್ ಟೀಚರ್ ಮಗ್ಗಿ ಬಾಯಿಪಾಠ ಮಾಡಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುತ್ತಾರೆ. ಟ್ರೈನಿಂಗಿನಲ್ಲಿ ಬಾಯಿಪಾಠ ಬೇಡ, ಚಟುವಟಿಕೆ ಮಾಡಿಸಿ ಅನ್ನುತ್ತಾರೆ. ಚಟುವಟಿಕೆ ಮಾಡಿಸಿದರೆ ಪೋರ್ಷನ್ ಮುಗಿಯುವುದಿಲ್ಲ. ಇನ್ನೊಂದು ವಿಷಯ ಯಾರ ಹತ್ತಿರವೂ ಹೇಳಿಲ್ಲ. ಭಿನ್ನರಾಶಿಯ ಭಾಗಾಕಾರದಲ್ಲಿ ತಿರುಗಿಸಿ ಗುಣಿಸುವುದು ಯಾಕೆ ಅಂತ ನನಗೇ ಗೊತ್ತಿಲ್ಲ. ನಾನು ಗಣಿತ ಕಲಿಸಲು ಯೋಗ್ಯಳಾ?

ಉತ್ತರ: ಟೀಚರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ಮೂರು ಚಿಂತೆ ಉಂಟು. ಮಕ್ಕಳು ಯಾಕೆ ಬಾಯಿ ಬಿಡುವುದಿಲ್ಲ, ಬಿಟ್ಟರೂ ಯಾಕೆ ಅದೇ ತಪ್ಪು ಮಾಡುತ್ತಾರೆ, ಈ ಕೆಲಸಕ್ಕೆ ನೀವು ಸಾಕಾ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ, ಆಮೇಲೆ ಟೀಚರುಗಳಿಗೂ ತರಬೇತಿ ಕೊಟ್ಟವನು ನಾನು. ನನಗೆ ಕಾಣುವ ಹಾಗೆ ಮೂರೂ ಒಂದೇ ಗಂಟು. ಕೊನೆಯದರಿಂದ ಬಿಚ್ಚೋಣ, ನಿಮ್ಮನ್ನು ಜಾಸ್ತಿ ಕೊರೆಯುತ್ತಿರುವುದು ಅದೇ ಅಲ್ವಾ.

ತಿರುಗಿಸಿ ಗುಣಿಸುವುದು ಯಾಕೆ ಅಂತ ಗೊತ್ತಿಲ್ಲದ ಟೀಚರುಗಳು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರೈಮರಿ ಟೀಚರುಗಳನ್ನು ಇದೇ ಕೇಳಿದರು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮಕ್ಕಳಿಗೆ ಹೇಳುವ ಹಾಗೆ ಅದಕ್ಕೊಂದು ಕಥೆಯನ್ನೂ ಕಟ್ಟಿ ಅಂತ. ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದರು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಗೂ ಉತ್ತರ ಸರಿ ಬರಲಿಲ್ಲ, ಸರಿಯಾದ ಕಥೆ ಕಟ್ಟಿದ್ದು ಒಬ್ಬರೇ ಒಬ್ಬರು. ಚೀನಾದ 72 ಮಂದಿಯೂ ಲೆಕ್ಕ ಸರಿ ಮಾಡಿದರು, ಹತ್ತರಲ್ಲಿ ಒಂಬತ್ತು ಮಂದಿ ಕಥೆಯನ್ನೂ ಕಟ್ಟಿದರು. ಇದರಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಅಮೆರಿಕದವರು ಡಿಗ್ರಿ ಮುಗಿಸಿದವರು. ಚೀನಾದ ಹೆಚ್ಚಿನವರು ಒಂಬತ್ತನೇ ತರಗತಿ ಆದ ಮೇಲೆ ಎರಡು-ಮೂರು ವರ್ಷ ಟೀಚರ್ ಟ್ರೈನಿಂಗ್ ಮಾಡಿ ಬಂದವರು. ಅವರು ಗಟ್ಟಿಯಾದದ್ದು ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿ ಒಂದೇ ವಿಷಯದ ಟೀಚರುಗಳು ತಪ್ಪದೆ ಒಟ್ಟಿಗೆ ಕೂರುತ್ತಾರೆ. ಪಠ್ಯಪುಸ್ತಕದ ಒಂದೊಂದು ಪಾಠ ಬಿಡಿಸಿಟ್ಟು, ಇಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಮಾತಾಡುತ್ತಾರೆ. ನಿಮಗೆ ಹಾಗೆ ಕೂರಲಿಕ್ಕೆ ಯಾರೂ ಇಲ್ಲ. ತೊಂದರೆ ಇರುವುದು ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ಮಾಡಿಬಿಡೋಣ. ಎಣ್ಣೆ ಮಿಲ್ಲಿನಿಂದ ಒಂದೂಮುಕ್ಕಾಲು ಲೀಟರ್ ತೆಂಗಿನೆಣ್ಣೆ ತಂದಿದ್ದೀರಿ. ಅರ್ಧ ಲೀಟರಿನ ಬಾಟಲಿಗಳಿಗೆ ತುಂಬಿಸಬೇಕು. ಎಷ್ಟು ಬಾಟಲಿ ಬೇಕು? ಒಂದು ಲೀಟರಿಗೆ ಎರಡು ಬಾಟಲಿ. ಹಾಗಾದರೆ ಎಷ್ಟು ಲೀಟರ್ ಇದ್ದರೂ ಅದರ ಎರಡರಷ್ಟು ಬಾಟಲಿ. ಅರ್ಧದಿಂದ ಭಾಗಿಸುವ ಬದಲು ಎರಡರಿಂದ ಗುಣಿಸಿದ್ದು ಇದಕ್ಕೇ. ಉತ್ತರ ಮೂರೂವರೆ. ಈಗ ಬಾಟಲಿ ಮುಕ್ಕಾಲು ಲೀಟರಿನದ್ದು ಅಂತಿಟ್ಟುಕೊಳ್ಳಿ. ಒಂದು ಲೀಟರಿನಲ್ಲಿ ಕಾಲು ಲೀಟರುಗಳು ನಾಲ್ಕು. ಒಂದು ಬಾಟಲಿ ತುಂಬಲಿಕ್ಕೆ ಅಂಥವು ಮೂರು ಬೇಕು. ಒಂದು ಬಾಟಲಿ ಪೂರ್ತಿ ತುಂಬಿ, ಉಳಿದ ಕಾಲು ಲೀಟರ್ ಇನ್ನೊಂದು ಬಾಟಲಿಯ ಮೂರನೇ ಒಂದು ಭಾಗ ತುಂಬುತ್ತದೆ. ಅಂದರೆ ಲೀಟರಿಗೆ 4/3 ಬಾಟಲಿ. 3/4 ತಿರುಗಿ 4/3 ಆದದ್ದು ಈ ಜಾಗದಲ್ಲಿ. ತಿರುಗಿಸಿದ ಸಂಖ್ಯೆ ಅಂದರೆ ಒಂದು ಲೀಟರಿಗೆ ಎಷ್ಟು ಬಾಟಲಿ ಅನ್ನುವ ಲೆಕ್ಕ. ಅದು ಸಿಕ್ಕಿದ ಮೇಲೆ ಎಷ್ಟು ಲೀಟರ್ ಇದೆಯೋ ಅದರಿಂದ ಗುಣಿಸಿದರೆ ಮುಗಿಯಿತು.

ಆ ಅರ್ಧ ಲೀಟರ್ ಬಾಟಲಿಯ ಲೆಕ್ಕವನ್ನು ಕ್ಲಾಸಿಗೆ ಕೊಟ್ಟಾಗ ಒಂದು ಉತ್ತರ ತಪ್ಪದೆ ಬರುತ್ತದೆ: ಮೂರೂಕಾಲು ಬಾಟಲಿ. ನಾನು ಕೊಟ್ಟ ಎಲ್ಲ ಕ್ಲಾಸಿನಲ್ಲೂ ಬಂದಿದೆ, ಟೀಚರುಗಳ ತರಬೇತಿಯಲ್ಲೂ ಬಂದಿದೆ. ಮೂರು ಬಾಟಲಿಗೆ ಒಂದೂವರೆ ಲೀಟರ್ ಹೋಯಿತು, ಉಳಿದದ್ದು ಕಾಲು, ಹಾಗಾಗಿ ಮೂರೂಕಾಲು. ಉಳಿದದ್ದು ಕಾಲು ಲೀಟರ್ ಅನ್ನುವುದು ನಿಜ. ಆದರೆ ಅದು ಅರ್ಧ ಬಾಟಲಿ. ಯಾವುದರ ಕಾಲು ಅನ್ನುವುದು ಮಗುವಿನ ಕೈಯಿಂದ ಜಾರಿತು, ಅಷ್ಟೇ. ಈ ಉತ್ತರ ಬಂದಾಗ ದಯವಿಟ್ಟು ತಪ್ಪು ಅಂತ ಮುಂದೆ ಹೋಗಬೇಡಿ. ಬೋರ್ಡಿನಲ್ಲಿ ಮೂರೂಕಾಲು, ಮೂರೂವರೆ ಎರಡನ್ನೂ ಬರೆದು, ನಿಜವಾಗಿ ಒಂದು ಬಾಟಲಿ ಮತ್ತು ಕಾಲು ಲೀಟರ್ ನೀರು ತಂದು ಮೇಜಿನ ಮೇಲೆ ಇಡಿ. ಸುರಿದು ನೋಡಿದ ಮೇಲೆ ಅದನ್ನು ಮರೆಯುವ ಮಗು ಕಡಿಮೆ.

ಈಗ ನಿಮ್ಮ 2/5. ಸುಮಾರು 15 ವರ್ಷ ನಾನು ಇದನ್ನು ಅಜಾಗ್ರತೆ ಅಂತಲೇ ತಿಳಿದಿದ್ದೆ. ಕೆಂಪು ಪೆನ್ನಿನಲ್ಲಿ ಇಂಟು ಹಾಕಿ ಪಕ್ಕದಲ್ಲಿ ಲ.ಸಾ.ಅ. ಅಂತ ಬರೆಯುತ್ತಿದ್ದೆ. ಒಮ್ಮೆ ಎಂಟನೇ ತರಗತಿಯ ಒಬ್ಬ ಹುಡುಗನನ್ನು ಹತ್ತಿರ ಕರೆದು, "ಇದು ಹೇಗೆ ಬಂತು ಹೇಳು ಮಗಾ" ಅಂತ ಕೇಳಿದೆ. ಅವನು ಉತ್ತರ ಪತ್ರಿಕೆ ಹಿಂದೆ ತಿರುಗಿಸಿ ಬೆರಳಿಟ್ಟು ತೋರಿಸಿದ. ಎರಡು ಮಾರ್ಕಿನ ಪ್ರಶ್ನೆಗೆ ಒಂದು ಸಿಕ್ಕಿದೆ. ಮೂರು ಮಾರ್ಕಿನದ್ದಕ್ಕೂ ಒಂದು. "ಐದರಲ್ಲಿ ಎರಡು ಅಂತ ನೀವೇ ಹಾಕಿದ್ದೀರಲ್ಲ ಸರ್."

ಅವನು ಸರಿ. ಮಾರ್ಕು ಕೂಡಿಸುವಾಗ ಹಾಗೆಯೇ ಕೂಡಿಸಬೇಕು. ಎರಡರಲ್ಲಿ ಒಂದು, ಮೂರರಲ್ಲಿ ಒಂದು, ಒಟ್ಟು ಐದರಲ್ಲಿ ಎರಡು. ಅಲ್ಲಿ ಪೂರ್ತಿ ಅನ್ನುವುದೂ ಬೆಳೆಯುತ್ತದೆ, ಎರಡು ಇದ್ದದ್ದು ಐದಾಗುತ್ತದೆ. ಅರ್ಧ ದೋಸೆಗೆ ಮೂರನೇ ಒಂದು ದೋಸೆ ಕೂಡಿಸುವಾಗ ಪೂರ್ತಿ ಬೆಳೆಯುವುದಿಲ್ಲ, ಎರಡೂ ತುಂಡು ಒಂದೇ ಅಳತೆಯ ದೋಸೆಯಿಂದ ಬಂದದ್ದು. ಮಗು ಒಂದು ಲೋಕದ ನಿಯಮವನ್ನು ಇನ್ನೊಂದು ಲೋಕಕ್ಕೆ ತಂದಿದೆ. ಹತ್ತು ಸಲ ಲ.ಸಾ.ಅ. ತೋರಿಸಿದರೂ ಈ ನಿಯಮ ಒಳಗೆ ಹಾಗೇ ಕೂತಿರುತ್ತದೆ, ಯಾಕೆಂದರೆ ಅದರ ಜೊತೆ ಯಾರೂ ಮಾತೇ ಆಡಲಿಲ್ಲ. ಅವನು ಬೆರಳಿಟ್ಟು ತೋರಿಸಿದ ದಿನದಿಂದ ನಾನು ತಪ್ಪು ಉತ್ತರವನ್ನು ಹೇಗೆ ಬಂತು ಅಂತ ಕೇಳದೆ ಬಿಟ್ಟಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಲ.ಸಾ.ಅ. ಎರಡು ದಿನ ಪಕ್ಕಕ್ಕಿಡಿ. ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಡಿ. ಒಂದನ್ನು ಎರಡಾಗಿ ಮಡಚಲಿ, ಇನ್ನೊಂದನ್ನು ಮೂರಾಗಿ. ಒಂದು ಅರ್ಧ, ಒಂದು ಮೂರನೇ ಒಂದು ಹರಿದು ಉದ್ದಕ್ಕೆ ಜೋಡಿಸಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "2/5 ಅರ್ಧಕ್ಕಿಂತ ದೊಡ್ಡದಾ ಸಣ್ಣದಾ?" ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಮತ್ತೆ ಯಾರೋ ಒಬ್ಬರು ಹೇಳುತ್ತಾರೆ, "ಅರ್ಧಕ್ಕೆ ಕೂಡಿಸಿದ್ದು ಅಲ್ವಾ ಟೀಚರ್, ಮತ್ತೆ ಕಡಿಮೆ ಹೇಗಾಯ್ತು?" ಆ ಪ್ರಶ್ನೆ ಮಗುವಿನ ಬಾಯಿಂದ ಬರುವವರೆಗೆ ಕಾಯಿರಿ. ಜೋಡಿಸಿದ ಪಟ್ಟಿಯನ್ನು ಅಳೆಯಲಿಕ್ಕೆ ಯಾವ ತುಂಡು ಎರಡಕ್ಕೂ ಸರಿಯಾಗಿ ಹೊಂದುತ್ತದೆ ಅಂತ ಹುಡುಕುವಾಗ ಆರನೇ ಒಂದು ತಾನಾಗಿ ಬರುತ್ತದೆ. ಲ.ಸಾ.ಅ. ಅನ್ನುವ ಹೆಸರನ್ನು ಆಮೇಲೆ ಕೊಟ್ಟರೆ ಸಾಕು.

ಭಿನ್ನರಾಶಿಯಲ್ಲಿ ನಮ್ಮ ಭಾಷೆಯದ್ದೇ ಒಂದು ಸಣ್ಣ ಕುಳಿ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು "ಮೂರನೇ ಎರಡು" ಅನ್ನುತ್ತೇವೆ. ಕೆಳಗಿನ ಸಂಖ್ಯೆ ಮೊದಲು ಕೇಳಿಸುತ್ತದೆ. ಆದರೆ ಬರೆಯುವುದು ಮೇಲಿನಿಂದ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದ ಮಗು 3/2 ಅಂತ ಬರೆಯುತ್ತದೆ. ಟೀಚರು ಇನ್ನೊಮ್ಮೆ "ಟೂ ಬೈ ತ್ರೀ" ಅಂದರೆ ಮೇಲಿನದ್ದು ಮೊದಲು ಬರುತ್ತದೆ. ಒಂದೇ ಪಿರಿಯಡಿನಲ್ಲಿ ಎರಡೂ ಬಂದರೆ ಗಲಿಬಿಲಿ ಆಗದೆ ಇರುತ್ತದಾ? ಸ್ವಲ್ಪ ದಿನ "ಮೂರು ಪಾಲು ಮಾಡಿ ಎರಡು ತೆಗೆದುಕೊಂಡದ್ದು" ಅಂತ ಉದ್ದಕ್ಕೇ ಹೇಳಿ, ಹಾಗೇ ಹೇಳಿಸಿ.

ಇನ್ನು ನೆಲ ನೋಡುವ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು. ನಾಲ್ಕೈದು ಮಕ್ಕಳಿಗೆ ತಲೆ ಉಂಟು, ಉಳಿದವರಿಗೆ ಇಲ್ಲ ಅಂತ ಇದಕ್ಕೆ ಅರ್ಥ ಹಚ್ಚಬೇಡಿ. ಕ್ಲಾಸಿನಲ್ಲಿ ಸರಿ ಉತ್ತರಕ್ಕೆ ಮಾತ್ರ ಬೆಲೆ ಇದ್ದರೆ, ಅದು ಗ್ಯಾರಂಟಿ ಇಲ್ಲದ ಮಗು ಸುಮ್ಮನಿರುವುದೇ ಬುದ್ಧಿವಂತಿಕೆ. ನಾವು ಕಾಯುವುದೂ ಕಡಿಮೆ. ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಕ್ಲಾಸುಗಳ ಮಾತನ್ನು ಟೇಪ್ ಮಾಡಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಜಾಸ್ತಿಗೋ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದವರೂ ಬಾಯಿ ಬಿಟ್ಟರು, ಗೊತ್ತಿಲ್ಲ ಅನ್ನುವುದು ಕಡಿಮೆಯಾಯಿತು. ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಹೊತ್ತು ಬೇಕು ಅಂತ ನನ್ನ ಅನುಭವ. ಪ್ರಶ್ನೆ ಕನ್ನಡದಲ್ಲಿ ಬರುತ್ತದೆ, ಯೋಚನೆ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆಯುತ್ತದೆ, ಉತ್ತರ ಮತ್ತೆ ಕನ್ನಡಕ್ಕೆ ಬರಬೇಕು. ಅಷ್ಟರಲ್ಲಿ ಮುಂದಿನ ಬೆಂಚಿನವನು ಉತ್ತರ ಹೇಳಿ ಆಗಿರುತ್ತದೆ.

ಹಾಗಾಗಿ ಒಂದು ತಿಂಗಳ ಮಟ್ಟಿಗೆ ಕೈ ಎತ್ತುವುದನ್ನೇ ನಿಲ್ಲಿಸಿ ನೋಡಿ. ಪ್ರಶ್ನೆ ಬೋರ್ಡಿನಲ್ಲಿ ಬರೆಯಿರಿ. ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಯೋಚಿಸಲಿ, ನೀವೂ ಮಾತಾಡಬೇಡಿ. ಆಮೇಲೆ ಎರಡು ನಿಮಿಷ ಪಕ್ಕದವರ ಜೊತೆ, ಯಾವ ಭಾಷೆಯಲ್ಲಾದರೂ ಸರಿ. ಮತ್ತೆ ಯಾರನ್ನಾದರೂ ಕರೆದು, "ನಿಮ್ಮಿಬ್ಬರಲ್ಲಿ ಏನು ಮಾತು ಬಂತು?" ಅಂತ ಕೇಳಿ. ಉತ್ತರ ಏನು ಅಂತ ಕೇಳಿದರೆ "ಗೊತ್ತಿಜ್ಜಿ ಟೀಚರ್" ಅನ್ನುವ ಹುಡುಗ ಇದಕ್ಕೆ ಏನಾದರೂ ಹೇಳಿಯೇ ಹೇಳುತ್ತಾನೆ. ಇದರಲ್ಲಿ ತೊಂದರೆ ಇಲ್ಲ ಅಂತಲ್ಲ. ಮೊದಲ ವಾರ ಗದ್ದಲ ಆಗುತ್ತದೆ, ಪಕ್ಕದ ಕ್ಲಾಸಿನವರು ಇಣುಕುತ್ತಾರೆ. ಕೆಲವು ಜೋಡಿಯಲ್ಲಿ ಒಬ್ಬನೇ ಮಾತಾಡುತ್ತಾನೆ. ಅಂಥಲ್ಲಿ ಪಕ್ಕದವಳು ಹೇಳಿದ್ದನ್ನು ಅವನಿಂದ ಹೇಳಿಸಿ, ಆಗ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಬೇರೆ ಯಾರಿಗೂ ಬಾರದ ಮನೆಮಾತಿನ ಮಗು ಒಂದೇ ಇದ್ದರೆ ಅದರ ಬೆಂಚು ನೀವೇ ನೋಡಿಕೊಳ್ಳಬೇಕು. "ಕನ್ನಡ ಶಾಲೆಯಲ್ಲಿ ತುಳು, ಮಲಯಾಳ ಯಾಕೆ" ಅಂತ ಕೇಳುವ ಹೆತ್ತವರು ಇಲ್ಲಿ ಇದ್ದಾರೆ. ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕು ಅನ್ನುವ ಅವರ ಆತಂಕ ನನ್ನದೂ ಹೌದು. ಅವರಿಗೆ ನೋಟ್ ಪುಸ್ತಕ ತೋರಿಸಿ. ಮಾತು ಯಾವುದರಲ್ಲಿ ಆದರೂ ಕೊನೆಗೆ ಬರೆಯುವುದು ಕನ್ನಡದಲ್ಲಿ, ಅದೂ ಪೂರ್ತಿ ವಾಕ್ಯದಲ್ಲಿ.

ಮಕ್ಕಳು ಮನೆಯಿಂದ ತರುವ ಗಣಿತವೂ ಉಂಟು, ನಾವು ಅದನ್ನು ಮುಟ್ಟುವುದೇ ಇಲ್ಲ. ನಿಮ್ಮ ಕ್ಲಾಸಿನಲ್ಲಿ ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳು ಇದ್ದಾರಲ್ಲ. ಇಪ್ಪತ್ತೈದರ ಕಟ್ಟು ನಲವತ್ತು ಆದರೆ ಸಾವಿರ ಅಂತ ಆ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಇವತ್ತು ಆರುನೂರೇ ಆದದ್ದು, ಸಾವಿರದ ಮಜೂರಿಯಲ್ಲಿ ಎಷ್ಟು ಪಾಲು ಸಿಗುತ್ತದೆ ಅಂತ ಕೇಳಿ. ಐದನೇ ಮೂರು ಅಂತ ಹೇಳಲಿಕ್ಕೆ ಬಾರದಿದ್ದರೂ ದುಡ್ಡು ಎಷ್ಟು ಅಂತ ಸರಿಯಾಗಿ ಹೇಳುತ್ತಾರೆ. ಶೇಕಡಾ ಪಾಠಕ್ಕೆ ಸೆಂಟಿಗಿಂತ ಒಳ್ಳೆಯ ಸಾಮಗ್ರಿ ನಮಗೆ ಬೇಡ. ನೂರು ಸೆಂಟ್ ಅಂದರೆ ಒಂದು ಎಕರೆ. ಹದಿನೈದು ಸೆಂಟ್ ಅಂದರೆ ಎಕರೆಯ ಶೇಕಡಾ 15, ದಶಮಾಂಶದಲ್ಲಿ 0.15. ಐದು ಸೆಂಟ್ ಅಂದರೆ 0.05, ಅದನ್ನು 0.5 ಅಂತ ಬರೆದರೆ ಅರ್ಧ ಎಕರೆ ಬಂದುಬಿಡುತ್ತದೆ. ಜಾಗದ ಮಾತು ದಿನಾ ಕೇಳುವ ಮಕ್ಕಳಿಗೆ ಈ ತಪ್ಪು ಎಷ್ಟು ದೊಡ್ಡದು ಅಂತ ವಿವರಿಸಬೇಕಾಗಿಲ್ಲ.

ಮಗ್ಗಿಯ ವಿಷಯ. ಸೀನಿಯರ್ ಟೀಚರ್ ಹೇಳುವುದರಲ್ಲಿ ಅರ್ಧ ಸತ್ಯ, ಟ್ರೈನಿಂಗಿನಲ್ಲಿ ಹೇಳಿದ್ದರಲ್ಲೂ ಅರ್ಧ ಸತ್ಯ. ಮಗ್ಗಿ ಬೇಕು. ಏಳು ಎಂಟ್ಲಿ ಎಷ್ಟು ಅಂತ ಬೆರಳು ಮಡಚುತ್ತಾ ಕೂತರೆ ಲೆಕ್ಕದ ಮುಂದಿನ ಹೆಜ್ಜೆ ತಲೆಯಿಂದ ಹಾರಿಹೋಗುತ್ತದೆ. ಹಿಂದಿನವರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನೂ ಬಾಯಿಗೆ ತಂದುಕೊಂಡಿದ್ದರು. ನಿಮ್ಮ ಮಕ್ಕಳ ಮನೆಗಳಲ್ಲಿ ಈಗಲೂ ಅದನ್ನು ಹೇಳುವ ಅಜ್ಜಂದಿರು ಸಿಗಬಹುದು, ಒಬ್ಬರನ್ನು ಕ್ಲಾಸಿಗೆ ಕರೆಯಿರಿ. ಆದರೆ ಗಡಿಯಾರ ಹಿಡಿದು, ಒಬ್ಬೊಬ್ಬರನ್ನು ನಿಲ್ಲಿಸಿ ಮಗ್ಗಿ ಕೇಳುವುದು ಬೇಡ. ಭಯ ಆದಾಗ ಮಗುವಿನ ತಲೆಯಲ್ಲಿ ಲೆಕ್ಕಕ್ಕೆ ಇರಬೇಕಾದ ಜಾಗವನ್ನು ಭಯವೇ ತಿನ್ನುತ್ತದೆ. ಮನೆಯಲ್ಲಿ ಸಲೀಸಾಗಿ ಹೇಳಿದವನು ಬೋರ್ಡಿನ ಹತ್ತಿರ ಮರೆಯುವುದು ಇದರಿಂದ. ಏಳು ನಾಲ್ಕ್ಲಿ ಇಪ್ಪತ್ತೆಂಟು ಗೊತ್ತಿದ್ದರೆ ಅದನ್ನು ಇಮ್ಮಡಿ ಮಾಡಿದರೆ ಏಳು ಎಂಟ್ಲಿ ಐವತ್ತಾರು. ಹೀಗೆ ಒಂದರಿಂದ ಇನ್ನೊಂದನ್ನು ಎಳೆದು ತರಲು ಕಲಿಸಿ, ಜೊತೆಗೆ ದಿನಾ ಐದು ನಿಮಿಷ ಎಲ್ಲರೂ ಸೇರಿ ಹೇಳಲಿ. ಆದರೆ ನಿಮ್ಮ 2/5ಕ್ಕೆ ಮಗ್ಗಿ ಮದ್ದಲ್ಲ. ಆ ಮಕ್ಕಳಿಗೆ ಮಗ್ಗಿ ಬಂದರೂ 2/5 ಅಂತಲೇ ಬರೆಯುತ್ತಾರೆ.

"ಎಲ್ಲರಿಗೂ ಗಣಿತ ಬರುತ್ತದೆ", "ಪ್ರಯತ್ನ ಮಾಡಿದರೆ ಬುದ್ಧಿ ಬೆಳೆಯುತ್ತದೆ" ಅಂತ ಚಾರ್ಟ್ ಅಂಟಿಸುವುದು ಈಗ ಜಾಸ್ತಿಯಾಗಿದೆ. ಆ ಮಾತು ನಿಜವೇ. ಆದರೆ ಆ ನಂಬಿಕೆಯನ್ನು ಮಾತ್ರ ಹೇಳಿಕೊಟ್ಟಾಗ ಮಾರ್ಕಿನಲ್ಲಿ ಕಂಡ ಲಾಭ ಸಣ್ಣದು ಅಂತ ದೊಡ್ಡ ಅಧ್ಯಯನಗಳು ತೋರಿಸಿವೆ. ನಿನ್ನೆ ಆಗದ ಲೆಕ್ಕ ಇವತ್ತು ಆಯಿತು ಅಂತ ಮಗುವಿಗೆ ಸ್ವತಃ ಕಂಡರೆ ಚಾರ್ಟ್ ಬೇಕಾಗುವುದಿಲ್ಲ.

ಬೋರ್ಡಿನ ಹತ್ತಿರ ಅತ್ತ ಹುಡುಗಿಯ ಬಗ್ಗೆ ನನಗೆ ತುಂಬ ಯೋಚನೆಯಾಯಿತು. ಸದ್ಯಕ್ಕೆ ಅವಳನ್ನು ಬೋರ್ಡಿಗೆ ಕರೆಯಬೇಡಿ, ಹಾಗಂತ ಬಿಟ್ಟೂ ಬಿಡಬೇಡಿ. ಕರೆಯದೆ ಬಿಟ್ಟ ಮಗುವಿಗೆ ಟೀಚರು ನನ್ನನ್ನು ಲೆಕ್ಕಕ್ಕಿಟ್ಟಿಲ್ಲ ಅಂತ ಬೇಗ ಗೊತ್ತಾಗುತ್ತದೆ. ಲೆಕ್ಕ ಕೊಟ್ಟು ಬೆಂಚುಗಳ ನಡುವೆ ನಡೆಯುವಾಗ ಅವಳ ಹತ್ತಿರ ಬಗ್ಗಿ, ಅವಳು ಬರೆದದ್ದರಲ್ಲಿ ಸರಿ ಇರುವ ಒಂದು ಸಾಲು ತೋರಿಸಿ, "ಇದು ನಿನಗೆ ಹೇಗೆ ಹೊಳೆಯಿತು?" ಅಂತ ಮೆಲ್ಲಗೆ ಕೇಳಿ. ಎರಡು ವಾರ ಕಳೆದ ಮೇಲೆ, "ಈ ಸಾಲನ್ನು ನಾನು ಬೋರ್ಡಿನಲ್ಲಿ ಬರೆಯಲಾ, ನಿನ್ನ ಹೆಸರು ಹೇಳಲಾ?" ಅಂತ ಅವಳನ್ನೇ ಕೇಳಿ. ಬೇಡ ಅಂದರೆ ಬೇಡ.

ಅವಳ ಮುಂದೆ "ನನಗೂ ಗಣಿತ ಕಷ್ಟ" ಅಂತ ಮಾತ್ರ ಹೇಳಬೇಡಿ, ಸಮಾಧಾನಕ್ಕೂ ಬೇಡ. ಅಮೆರಿಕದಲ್ಲಿ 1 ಮತ್ತು 2ನೇ ತರಗತಿಯ 17 ಟೀಚರುಗಳ ಕ್ಲಾಸಿನಲ್ಲಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಲ್ಲರೂ ಹೆಂಗಸರು. ಟೀಚರಿಗೆ ಗಣಿತದ ಭಯ ಜಾಸ್ತಿ ಇದ್ದಷ್ಟೂ, ವರ್ಷದ ಕೊನೆಗೆ ಹುಡುಗಿಯರು ಗಣಿತ ಹುಡುಗರದ್ದು ಅಂತ ನಂಬುವುದು ಜಾಸ್ತಿಯಾಗಿತ್ತು, ಅಂಥ ಹುಡುಗಿಯರ ಗಣಿತವೂ ಹಿಂದೆ ಬಿದ್ದಿತ್ತು. ಹುಡುಗರಿಗೆ ಏನೂ ಆಗಿರಲಿಲ್ಲ. ಸಣ್ಣ ಅಧ್ಯಯನ, ಆದರೂ ನಾನು ಕಣ್ಣಾರೆ ಕಂಡದ್ದಕ್ಕೆ ಹೊಂದುತ್ತದೆ. ಭಯ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. "ತಿರುಗಿಸುವುದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ, ಮೊನ್ನೆ ಎಣ್ಣೆ ಬಾಟಲಿ ಇಟ್ಟು ಯೋಚಿಸಿದೆ, ಗೊತ್ತಾಯಿತು" ಅಂತ ಹೇಳಿ. ಇದೂ ನಿಜ, ಇದನ್ನು ಕೇಳಿದ ಹುಡುಗಿಗೆ ಒಂದು ದಾರಿಯೂ ಕಾಣುತ್ತದೆ.

ಅವಳ ಅಮ್ಮ ಶಾಲೆಗೆ ಬಂದರೆ ಅವರೂ "ನನಗೂ ಲೆಕ್ಕ ಬರ್ತಿರ್ಲಿಲ್ಲ ಟೀಚರೇ, ಅವಳಿಗೂ ಅದೇ ಬಂದದ್ದು" ಅನ್ನಬಹುದು. ರಕ್ತದಲ್ಲಿ ಬರುವ ಕಾಯಿಲೆಯ ಹಾಗೆ ಇದನ್ನು ಹೇಳುವುದು ಎಲ್ಲ ಕಡೆ ಉಂಟು. 2015ರ ಇನ್ನೊಂದು ಅಧ್ಯಯನದಲ್ಲಿ, ಗಣಿತದ ಭಯ ಇರುವ ಹೆತ್ತವರು ಪದೇ ಪದೇ ಹೋಂವರ್ಕಿಗೆ ಕೂತ ಮನೆಗಳಲ್ಲಿ ಮಕ್ಕಳು ಆ ವರ್ಷ ಕಡಿಮೆ ಕಲಿತಿದ್ದರು. ಹೋಂವರ್ಕಿಗೆ ಅಷ್ಟಾಗಿ ಕೂರದಿದ್ದಲ್ಲಿ ಆ ಪರಿಣಾಮ ಕಾಣಲಿಲ್ಲ. ಅಂದರೆ ಭಯ ಮಗುವಿಗೆ ಹರಡುವುದು ಮಾತಿನಿಂದ, ಕೂತು ಸಿಡುಕುವುದರಿಂದ ಇರಬೇಕು. ಅಮ್ಮನಿಗೆ ಹೋಂವರ್ಕಿನ ಕೆಲಸ ಕೊಡಬೇಡಿ. ವಾರದ ಬೀಡಿಯ ಲೆಕ್ಕವೋ ಸೊಸೈಟಿಯ ಹಾಲಿನ ಲೆಕ್ಕವೋ ಮಗಳಿಂದ ಬರೆಸಲಿ, ಅಷ್ಟು ಸಾಕು.

ಪೋರ್ಷನ್ ವಿಷಯದಲ್ಲಿ ನಿಮ್ಮ ಆತಂಕ ಸುಮ್ನೆ ಬಂದದ್ದಲ್ಲ. ಕೇರಳದಲ್ಲಿ 2024-25ರಿಂದ ಎಂಟನೇ ತರಗತಿಯಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ 30 ಶೇಕಡಾ ಮಾರ್ಕು ಅಂತ ಆಗಿದೆ. ಏಳರ ಮಕ್ಕಳು ಮುಂದಿನ ವರ್ಷ ಅದಕ್ಕೇ ಹೋಗಿ ನಿಲ್ಲುತ್ತಾರೆ. ನಿಮ್ಮ ಮುಂದೆ ಮೂರು ದಾರಿ ಇವೆ. ಈಗಿನ ಹಾಗೇ ಓಡಿಸಿ ಪುಸ್ತಕ ಮುಗಿಸುವುದು ಒಂದು. ಆಗ ದಾಖಲೆ ಸರಿ ಇರುತ್ತದೆ, ಆದರೆ ಎಂಟರಲ್ಲಿ ಬೀಜಗಣಿತ ಬರುವಾಗ ಭಿನ್ನರಾಶಿ ಬಾರದ ಮಕ್ಕಳು ಅಲ್ಲೇ ಕುಸಿಯುತ್ತಾರೆ. ಇನ್ನೊಂದು, ಎಲ್ಲ ಪಾಠವನ್ನೂ ನಿಧಾನ ಮಾಡುವುದು. ಆಗ ಕೊನೆಯ ಪಾಠಗಳು ಉಳಿದೇ ಹೋಗುತ್ತವೆ. ನಾನಾಗಿದ್ದರೆ ಭಿನ್ನರಾಶಿ, ದಶಮಾಂಶ, ಅನುಪಾತ ಇಷ್ಟಕ್ಕೆ ಕೈಬಿಚ್ಚಿ ಪಿರಿಯಡ್ ಕೊಟ್ಟು, ಉಳಿದದ್ದರಲ್ಲಿ ಅಭ್ಯಾಸದ ಲೆಕ್ಕಗಳನ್ನು ಅರ್ಧಕ್ಕಿಳಿಸುತ್ತಿದ್ದೆ. ಇದರಲ್ಲೂ ಅಪಾಯ ಉಂಟು. ನೀವು ಬಿಟ್ಟ ಲೆಕ್ಕವೇ ಪರೀಕ್ಷೆಗೆ ಬಂದರೆ ಬೆರಳು ನಿಮ್ಮ ಕಡೆ ತಿರುಗುತ್ತದೆ, ದಿನವೇತನದವರ ಕಡೆ ಇನ್ನೂ ಬೇಗ ತಿರುಗುತ್ತದೆ. ಅದಕ್ಕೆ ಇದನ್ನು ಒಬ್ಬರೇ ತೀರ್ಮಾನ ಮಾಡಬೇಡಿ. ಎಸ್‌ಆರ್‌ಜಿ ಮೀಟಿಂಗಿನಲ್ಲಿ (ಶಾಲೆಯ ಟೀಚರುಗಳು ಸೇರಿ ಪಾಠದ ಬಗ್ಗೆ ಮಾತಾಡುವ ಸಭೆ) ಹೇಳಿ, ಹೆಡ್‌ಮಾಸ್ಟರು ಒಪ್ಪಿದ್ದು ಮಿನಿಟ್ಸಿನಲ್ಲಿ ಬರಲಿ. ಪಾಠದ ತಯಾರಿ ಬರೆಯುವ ಟೀಚಿಂಗ್ ಮ್ಯಾನುವಲಿನಲ್ಲಿ "ಮಕ್ಕಳಿಂದ ಬಂದ ತಪ್ಪು ಉತ್ತರಗಳು" ಅಂತ ಎರಡು ಸಾಲು ಬರೆಯಿರಿ. ಮೇಲಿನವರು ಬಂದು ಕೇಳಿದಾಗ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

ಹಿಂದೆ ಬಿದ್ದವರನ್ನು ಬೇರೆ ಕೂರಿಸಿ ಅಂತ ಸಲಹೆ ಬರಬಹುದು. ಇಡೀ ವರ್ಷ ಹಿಂದಿನ ಬೆಂಚಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಆ ಹಣೆಪಟ್ಟಿ ಮತ್ತೆ ಕೀಳಲು ಬರುವುದಿಲ್ಲ. ಆದರೆ ಪ್ರಥಮ್ ಎಂಬ ಶಿಕ್ಷಣದ ಸ್ವಯಂಸೇವಾ ಸಂಸ್ಥೆ ನಮ್ಮ ದೇಶದಲ್ಲೇ ಮಾಡಿ ತೋರಿಸಿದ ಒಂದು ಕ್ರಮ ಉಂಟು. ದಿನಕ್ಕೆ ಸ್ವಲ್ಪ ಹೊತ್ತು ತರಗತಿ ನೋಡದೆ, ಮಗು ಈಗ ಎಲ್ಲಿದೆಯೋ ಅಲ್ಲಿಂದ ಗುಂಪು ಮಾಡಿ ಕಲಿಸುವುದು, ಆಗಾಗ ಪರೀಕ್ಷಿಸಿ ಗುಂಪು ಬದಲಿಸುವುದು. ಅದರಿಂದ ಓದು, ಸರಳ ಲೆಕ್ಕ ಎರಡೂ ಸುಧಾರಿಸಿದ್ದಕ್ಕೆ ಗಟ್ಟಿ ಆಧಾರ ಇದೆ. ನಿಮಗೆ ಆಗುವುದಾದರೆ ವಾರಕ್ಕೆ ಎರಡು ಸಲ, 6 ಮತ್ತು 7 ಎರಡನ್ನೂ ಸೇರಿಸಿ, ಒಂದು ವಿಷಯಕ್ಕೆ ಮಾತ್ರ ಮಾಡಿ. ಎರಡು ವಾರದ ಮೇಲೆ ಗುಂಪು ಒಡೆಯಿರಿ.

ಈಗ ನಿಮ್ಮ ಜೊತೆ ಕೂರುವವರ ವಿಷಯ. ನಿಮಗೆ ಟ್ರೈನಿಂಗ್ ಕಡಿಮೆ ಆಗಿಲ್ಲ, ಹತ್ತಿರದ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ಮೀಟಿಂಗ್ ಉಂಟು, ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರ ಬಿ.ಆರ್.ಸಿ. ಉಂಟು, ಮಾಯಿಪ್ಪಾಡಿಯಲ್ಲಿ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಉಂಟು. ಇಲ್ಲದ್ದು ನಿಮ್ಮ ಕ್ಲಾಸಿನ 2/5 ಹಿಡಿದುಕೊಂಡು ನಿಮ್ಮ ಜೊತೆ ಅರ್ಧ ಗಂಟೆ ಕೂರುವ ಒಬ್ಬರು. ನಾನೂ ತರಬೇತಿ ಕೊಟ್ಟವನು, ಹಾಗಾಗಿ ಇದು ನನ್ನ ತಪ್ಪೂ ಹೌದು ಅಂತ ಮನಸ್ಸಿಟ್ಟು ಹೇಳುತ್ತೇನೆ. ಇಡೀ ದಿನ ನಾವು ಮಾತಾಡಿದೆವು, ಟೀಚರುಗಳ ಚೀಲದಲ್ಲಿದ್ದ ನೋಟ್ ಪುಸ್ತಕಗಳನ್ನು ತೆಗೆಸಲಿಲ್ಲ. ದಿನವೇತನದ ಟೀಚರುಗಳು ವರ್ಷ ವರ್ಷ ಬದಲಾಗುವಾಗ, ಒಂದು ವರ್ಷ ಕಲಿತದ್ದು ಅವರ ಜೊತೆಗೇ ಹೊರಟುಹೋಗುತ್ತದೆ. ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿಲ್ಲ, ಮೇಲಿನವರ ಕೆಲಸ ಅದು. ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಹೇಳುತ್ತೇನೆ.

ಹತ್ತಿರದ ಶಾಲೆಗಳಲ್ಲಿ ಯು.ಪಿ. ಗಣಿತ ತೆಗೆದುಕೊಳ್ಳುವ ಒಬ್ಬಿಬ್ಬರನ್ನು ಹುಡುಕಿ. ಕ್ಲಸ್ಟರ್ ಮೀಟಿಂಗಿನ ದಿನ ಊಟದ ಹೊತ್ತಿಗೆ ಇಪ್ಪತ್ತು ನಿಮಿಷ ಒಟ್ಟಿಗೆ ಕೂರಿ. ಒಬ್ಬೊಬ್ಬರು ಒಂದೇ ಒಂದು ತಪ್ಪು ಉತ್ತರ ತನ್ನಿ, ಮಗುವಿನ ಹೆಸರು ಮುಚ್ಚಿ. ಇದರ ಹಿಂದೆ ಏನು ಯೋಚನೆ ಇರಬಹುದು ಅಂತ ಮಾತ್ರ ಮಾತಾಡಿ. ಪರಿಹಾರ ಹೇಳುವ ಅವಸರ ಬೇಡ. ನಡುವೆ ವಾಟ್ಸಾಪಿನಲ್ಲಿ ಬೋರ್ಡಿನ ಒಂದು ಫೋಟೋ, ಒಂದು ವಾಯ್ಸ್ ಮೆಸೇಜ್ ಸಾಕು. ನಿಮ್ಮ ಮಕ್ಕಳು ಸೇರುವ ಹೈಸ್ಕೂಲಿನ ಗಣಿತದವರನ್ನೂ ಒಮ್ಮೆ ಮಾತಾಡಿಸಿ, ಎಂಟಕ್ಕೆ ಬಂದ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಸ್ವಂತ ಶಾಲೆಯಲ್ಲಿ, ಗಣಿತದವರೇ ಆಗಬೇಕೆಂದಿಲ್ಲ, ನಂಬಿಕೆಯ ಒಬ್ಬ ಟೀಚರನ್ನು ಹತ್ತು ನಿಮಿಷ ಕ್ಲಾಸಿನ ಹಿಂದೆ ಕೂರಿಸಿ. ನೋಡಬೇಕಾದ್ದು ಒಂದೇ ಅಂತ ಮೊದಲೇ ಹೇಳಿಬಿಡಿ: ನಾನು ಯಾರು ಯಾರನ್ನು ಕರೆದೆ, ಎಷ್ಟು ಹೊತ್ತು ಕಾದೆ. ಪಾಠ ಹೇಗಿತ್ತು ಅಂತ ಅಭಿಪ್ರಾಯ ಕೇಳಬೇಡಿ, ಅದು ನೋಯಿಸುತ್ತದೆ, ಉಪಯೋಗವೂ ಕಡಿಮೆ. ಆ ಸೀನಿಯರ್ ಟೀಚರನ್ನೇ ಕರೆಯುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಮಗ್ಗಿಯ ಐದು ನಿಮಿಷವನ್ನು ಅವರಿಂದಲೇ ಮಾಡಿಸಿ, ಆಮೇಲೆ ಎಣ್ಣೆ ಬಾಟಲಿಯ ಪಾಠಕ್ಕೂ ಕೂರಲು ಹೇಳಿ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಬಾಟಲಿ ಮಾತ್ರ. ಸೋಮವಾರ ಪ್ರಶ್ನೆ ಬರೆದು ಅರ್ಧ ನಿಮಿಷ ಸುಮ್ಮನೆ ನಿಲ್ಲಿ. ಬಂದ ಉತ್ತರಗಳನ್ನೆಲ್ಲ ಬೋರ್ಡಿನಲ್ಲಿ ಬರೆಯಿರಿ. ಮೂರೂಕಾಲು ಅಂದವರು ಎಷ್ಟು ಮಂದಿ, ಮೂರೂವರೆ ಅಂದವರು ಎಷ್ಟು, ಇವೆರಡೂ ಅಲ್ಲದ ಉತ್ತರ ಏನಾದರೂ ಬಂತಾ ಅಂತ ನನಗೆ ಬರೆದು ಕಳಿಸಿ. ಅದನ್ನು ನಾವಿಬ್ಬರೂ ಕೂತು ನೋಡೋಣ.